ಕೊಟ್ಟವರಿಗೆ ಏನು ಸಿಗುತ್ತದೆ? ದಾನದ ಬಗ್ಗೆ ಕ್ರೈಸ್ತರ ಲೆಕ್ಕಾಚಾರ

2024-25ರ ಹಂಗಾಮಿನಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಹಳೇ ಸಾಲ ತೀರಿಸಿದವರಿದ್ದಾರೆ, ಕಾರು ಬದಲಿಸಿದವರಿದ್ದಾರೆ. ಅರೇಬಿಕಾ ಕೊಯ್ಲು ನಡೆಯುವುದು ಹೆಚ್ಚುಕಮ್ಮಿ ನವೆಂಬರಿನಿಂದ ಜನವರಿವರೆಗೆ. ಕ್ರಿಸ್‌ಮಸ್ ಬರುವುದೂ ಅದರ ನಡುವೆಯೇ. ಹಾಗಾಗಿ ಇಲ್ಲಿನ ಕ್ರೈಸ್ತ ಮನೆಗಳಲ್ಲಿ ಕೈಗೆ ದುಡ್ಡು ಬರುವ ಹೊತ್ತಿಗೇ ಚರ್ಚಿನಲ್ಲಿ ಕೊಡುವ ಮಾತೂ ಕೇಳಿಬರುತ್ತದೆ. ತೋಟ ಇರುವವರೂ ಅದನ್ನು ಕೇಳುತ್ತಾರೆ, ಅದೇ ತೋಟಕ್ಕೆ ಕೂಲಿಗೆ ಹೋಗುವವರೂ ಕೇಳುತ್ತಾರೆ.

ಇನ್ನೊಂದು ಕಡೆ ಮೊಬೈಲ್. ಯಾರೋ ಬೋಧಕರು ಮೈಕ್ ಹಿಡಿದು, ‘ಸಾವಿರ ರೂಪಾಯಿಯ ಬೀಜ ಬಿತ್ತಿ, ದೇವರು ನೂರರಷ್ಟು ಕೊಡುತ್ತಾನೆ’ ಎನ್ನುವ ವಿಡಿಯೊ ತುಣುಕು ಬರುತ್ತದೆ. ಕೆಳಗೆ ಒಂದು ಕ್ಯೂಆರ್ ಕೋಡ್ ಇರುತ್ತದೆ. ಇದನ್ನು ನೋಡಿದ ಬೇರೆ ಧರ್ಮದ ಗೆಳೆಯರು, ‘ನಿಮ್ಮಲ್ಲಿ ಕೊಟ್ಟರೆ ನಿಜವಾಗಿಯೂ ಹೀಗೆ ವಾಪಸ್ ಬರುತ್ತಾ?’ ಎಂದು ಕೇಳುತ್ತಾರೆ. ಚರ್ಚಿಗೆ ಹೋಗುವ ಎಷ್ಟೋ ಜನರಿಗೂ ಇದಕ್ಕೆ ಉತ್ತರ ಸ್ಪಷ್ಟವಾಗಿ ಗೊತ್ತಿಲ್ಲ.

ಕೊಡುವಾಗ ನನಗೇನು ಲಾಭ ಎಂದು ಕೇಳುವುದೇ ತಪ್ಪು ಅನ್ನುವವರಿದ್ದಾರೆ. ಬೈಬಲ್ ಅಷ್ಟು ಬಿಗಿಯಾಗಿಲ್ಲ. ಕೊಡುವವರಿಗೆ ಪ್ರತಿಫಲ ಇದೆ ಎಂದು ಅದು ಹತ್ತಾರು ಕಡೆ ಸಂಕೋಚವಿಲ್ಲದೆ ಹೇಳುತ್ತದೆ. ಆ ಪ್ರತಿಫಲ ಯಾವ ಬಗೆಯದು, ಎಲ್ಲಿಂದ ಬರುತ್ತದೆ ಎನ್ನುವಲ್ಲಿ ಗೊಂದಲ ಶುರುವಾಗುತ್ತದೆ.

ಕಾಣಿಕೆ, ದಶಮಾಂಶ, ದಾನಧರ್ಮ

ಮೂರೂ ಕೊಡುವುದೇ, ಆದರೆ ಮೂರೂ ಒಂದೇ ಅಲ್ಲ.

ಭಾನುವಾರದ ಆರಾಧನೆಯ ನಡುವೆ ಚೀಲವೋ ತಟ್ಟೆಯೋ ಸಾಲಿನಿಂದ ಸಾಲಿಗೆ ಬರುತ್ತದಲ್ಲ, ಅದಕ್ಕೆ ಹಾಕುವುದು ಕಾಣಿಕೆ. ಎಷ್ಟು ಎಂಬ ಕಟ್ಟುಪಾಡಿಲ್ಲ. ಚರ್ಚಿನ ಖರ್ಚು, ಸೇವೆಯ ಕೆಲಸ ಅದರಿಂದ ನಡೆಯುತ್ತದೆ. ಪ್ರೊಟೆಸ್ಟೆಂಟ್ ಚರ್ಚುಗಳ ಸುಗ್ಗಿ ಹಬ್ಬದಲ್ಲಿ ಜನ ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿ, ಕೋಳಿ ತರುತ್ತಾರೆ. ಆರಾಧನೆ ಮುಗಿದ ಮೇಲೆ ಅವು ಹರಾಜಿಗೆ ಹೋಗುತ್ತವೆ. ಸಂತೆಯಲ್ಲಿ ಸಿಗುವ ಬೆಲೆಯ ಹತ್ತು ಪಟ್ಟು ಕೂಗಿ ಒಂದು ಕಾಯಿ ಕೊಂಡವರು ನಗುನಗುತ್ತಲೇ ಮನೆಗೆ ಹೋಗುತ್ತಾರೆ. ಮಂಗಳೂರು ಕಡೆಯಿಂದ ಬಂದು ಚಿಕ್ಕಮಗಳೂರಿನ ತೋಟಗಳಲ್ಲಿ ನೆಲೆಸಿದ ಕಥೊಲಿಕ ಮನೆಗಳು ಸೆಪ್ಟೆಂಬರ್ 8ರಂದು ಮೊಂತಿ ಹಬ್ಬ ಮಾಡುತ್ತವೆ. ಅಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತರುತ್ತಾರೆ. ಮೊದಲ ಫಲ ದೇವರದ್ದು ಎಂಬ ಭಾವ ಎರಡರಲ್ಲೂ ಇದೆ.

ದಶಮಾಂಶ ಎಂದರೆ ಹತ್ತರಲ್ಲಿ ಒಂದು ಪಾಲು. ಇದು ಬೈಬಲಿನ ಹಳೆಯ ಒಡಂಬಡಿಕೆಯಿಂದ, ಅಂದರೆ ಯೇಸುವಿಗಿಂತ ಮುಂಚಿನ ಭಾಗದಿಂದ ಬಂದದ್ದು. ಇಸ್ರಾಯೇಲರ ಹನ್ನೆರಡು ಕುಲಗಳಿಗೆ ಜಮೀನು ಹಂಚಿದಾಗ ಲೇವಿಯರಿಗೆ ಪಾಲು ಸಿಗಲಿಲ್ಲ, ಏಕೆಂದರೆ ಅವರದು ದೇವಾಲಯದ ಕೆಲಸ. ಉಳಿದವರ ಬೆಳೆಯ, ದನಕುರಿಯ ಹತ್ತನೇ ಒಂದು ಪಾಲು ಅವರ ಜೀವನಕ್ಕೆ ಹೋಗುತ್ತಿತ್ತು. ಮೂರು ವರ್ಷಕ್ಕೊಮ್ಮೆ ಆ ಪಾಲನ್ನು ಊರಿನಲ್ಲೇ ಕೂಡಿಟ್ಟು ಲೇವಿಯರ ಜೊತೆಗೆ ಪರದೇಶಿ, ತಂದೆಯಿಲ್ಲದ ಮಕ್ಕಳು, ವಿಧವೆಯರು ಹೊಟ್ಟೆತುಂಬ ಉಣ್ಣಲಿ ಎಂದು ಧರ್ಮೋಪದೇಶಕಾಂಡದ 14ನೇ ಅಧ್ಯಾಯ ಹೇಳುತ್ತದೆ. ಅಂದರೆ ದಶಮಾಂಶ ಶುರುವಾದದ್ದು ನೋಟಿನಲ್ಲಲ್ಲ, ಕಾಳಿನಲ್ಲಿ.

ದಾನಧರ್ಮ ಚರ್ಚಿನ ಹೊರಗೆ, ಕಷ್ಟದಲ್ಲಿರುವವರಿಗೆ ನೇರವಾಗಿ ಕೊಡುವುದು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಕಥೊಲಿಕರು ಮೂರು ಕೆಲಸಕ್ಕೆ ಒತ್ತು ಕೊಡುತ್ತಾರೆ: ಪ್ರಾರ್ಥನೆ, ಉಪವಾಸ, ದಾನಧರ್ಮ. ಉಪವಾಸದಲ್ಲಿ ಉಳಿದ ಊಟದ ದುಡ್ಡು ಹಸಿದವರಿಗೆ ಹೋಗಬೇಕು ಎನ್ನುವುದು ಅಲ್ಲಿನ ಹಳೆಯ ಲೆಕ್ಕ. ದಾನ ಎಂದಾಗ ದುಡ್ಡಷ್ಟೇ ನೆನಪಾಗುವುದು ನಮ್ಮ ಕಾಲದ ಅಭ್ಯಾಸ. ಸಮಯ, ಊಟ, ಆತಿಥ್ಯ, ಸಾಲ ಮನ್ನಾ, ಎಲ್ಲವೂ ಬೈಬಲಿನ ಲೆಕ್ಕಕ್ಕೆ ಸೇರುತ್ತವೆ.

ಮುಯ್ಯಿಗೂ ದಾನಕ್ಕೂ ಇರುವ ದೂರ

ಹಾಸನದ ಕಡೆ ಮದುವೆ ಮನೆಯಲ್ಲಿ ಊಟದ ಹಾಲ್‌ನ ಪಕ್ಕ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ನಾವು ಕೊಟ್ಟ ಮುಯ್ಯಿಯನ್ನು ಹೆಸರು, ಊರು ಸಮೇತ ಬರೆದುಕೊಳ್ಳುತ್ತಾರೆ. ನಾಳೆ ನಮ್ಮ ಮನೆಯಲ್ಲಿ ಮದುವೆಯಾದಾಗ ಆ ಪುಸ್ತಕ ತೆಗೆದು ನೋಡಿ, ಅಷ್ಟೋ ಅದಕ್ಕಿಂತ ಸ್ವಲ್ಪ ಜಾಸ್ತಿಯೋ ಸೇರಿಸಿ ವಾಪಸ್ ಮಾಡುತ್ತಾರೆ. ಗದ್ದೆ ನಾಟಿಯ ಮುಯ್ಯಾಳು ಕೂಡ ಹೀಗೆಯೇ. ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನನ್ನ ಗದ್ದೆಗೆ.

ಇದು ಒಳ್ಳೆಯ ಪದ್ಧತಿ. ಬ್ಯಾಂಕು ಇಲ್ಲದ ಕಾಲದಲ್ಲಿ ಎಷ್ಟೋ ಮದುವೆಗಳನ್ನು ಮುಯ್ಯಿಯೇ ನಡೆಸಿಕೊಟ್ಟಿದೆ. ಆದರೆ ಕ್ರೈಸ್ತರು ಔದಾರ್ಯ ಎಂದು ಕರೆಯುವುದು ಇದನ್ನಲ್ಲ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಲೂಕನದು ಒಂದು. ಅದರ 14ನೇ ಅಧ್ಯಾಯದಲ್ಲಿ ಯೇಸು ತಮ್ಮನ್ನು ಊಟಕ್ಕೆ ಕರೆದವನಿಗೇ ಒಂದು ಮಾತು ಹೇಳುತ್ತಾರೆ. ಔತಣ ಮಾಡಿದಾಗ ಗೆಳೆಯರನ್ನು, ನೆಂಟರನ್ನು, ದುಡ್ಡಿರುವ ನೆರೆಯವರನ್ನು ಕರೆಯಬೇಡ, ಅವರು ನಿನ್ನನ್ನೂ ಕರೆದು ಮುಯ್ಯಿ ತೀರಿಸಿಬಿಡುತ್ತಾರೆ. ಬಡವರನ್ನು, ಕುಂಟರನ್ನು, ಕುರುಡರನ್ನು ಕರೆ. ಅವರಿಂದ ವಾಪಸ್ ಕೊಡಲು ಆಗುವುದಿಲ್ಲ. ಅದಕ್ಕೇ ನೀನು ಧನ್ಯ.

ಈ ಮಾತಿನ ಕೊನೆ ಗಮನಿಸಿ. ಪ್ರತಿಫಲ ಇಲ್ಲ ಎಂದು ಯೇಸು ಹೇಳಲಿಲ್ಲ. ನೀತಿವಂತರು ಮತ್ತೆ ಎದ್ದು ಬರುವ ದಿನ ನಿನಗೆ ಸಿಗುತ್ತದೆ ಎಂದರು. ಪಡೆದವರಿಂದ ಅದು ವಾಪಸ್ ಬರುವುದಿಲ್ಲ, ಅಷ್ಟೇ. ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಕೃಪೆ ಮೊದಲು, ಕೊಡುವುದು ಆಮೇಲೆ

ನಮ್ಮ ಸುತ್ತಮುತ್ತ ದಾನದ ಸಂಪ್ರದಾಯಕ್ಕೆ ಕೊರತೆಯಿಲ್ಲ. ಶ್ರವಣಬೆಳಗೊಳದ ಜೈನರು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ಬಗ್ಗೆ ಹೇಳುತ್ತಾರೆ. ಹೊಯ್ಸಳರ ಕಾಲದ ದಾನಶಾಸನಗಳು ಹಾಸನ ಜಿಲ್ಲೆಯ ಊರೂರಲ್ಲಿ ನಿಂತಿವೆ. ಮುಸ್ಲಿಮರಿಗೆ ಜಕಾತ್ ಇದೆ. ಕ್ರೈಸ್ತರು ಬೇರೆಯವರಿಗಿಂತ ಹೆಚ್ಚು ಕೊಡುತ್ತಾರೆ ಎಂದು ಯಾರೂ ಹೇಳಬೇಕಾಗಿಲ್ಲ. ಅವರು ಕೊಡುವುದಕ್ಕೆ ಹೇಳುವ ಕಾರಣ ಮಾತ್ರ ಸ್ವಲ್ಪ ಬೇರೆ.

ದೇವರು ಮೊದಲೇ ಕೊಟ್ಟಿದ್ದಾನೆ ಎನ್ನುವುದು ಆ ಕಾರಣ. ಮನುಷ್ಯ ಏನೂ ಸಂಪಾದಿಸದೆ ಇದ್ದಾಗಲೇ ದೇವರು ಯೇಸುವನ್ನು ಕೊಟ್ಟ. ಇದನ್ನೇ ಅವರು ಕೃಪೆ ಎನ್ನುತ್ತಾರೆ. ಕೃಪೆಗೆ ಬೆಲೆ ಕಟ್ಟಿ ತೀರಿಸಲು ಆಗುವುದಿಲ್ಲ. ದಾನ ಅದಕ್ಕೆ ಒಂದು ಉತ್ತರ ಮಾತ್ರ. ಹಾಗಾಗಿ ಕೊಟ್ಟು ದೇವರ ಮೆಚ್ಚುಗೆಯನ್ನು ಕೊಂಡುಕೊಳ್ಳಬಹುದು ಎಂಬ ಯೋಚನೆಗೆ ಕ್ರೈಸ್ತ ಬೋಧನೆಯಲ್ಲಿ ಜಾಗ ಇಲ್ಲ.

ಈ ವಿಷಯಕ್ಕೆ ಯುರೋಪಿನಲ್ಲಿ ದೊಡ್ಡ ಜಗಳವೇ ಆಗಿದೆ. ಪಾಪದ ಶಿಕ್ಷೆ ಕಡಿಮೆ ಮಾಡುವ ಪತ್ರಗಳನ್ನು ಆಗ ದುಡ್ಡಿಗೆ ಮಾರುತ್ತಿದ್ದರು. 1517ರಲ್ಲಿ ಮಾರ್ಟಿನ್ ಲೂಥರ್ ಎಂಬ ಜರ್ಮನ್ ಸನ್ಯಾಸಿ ಅದರ ವಿರುದ್ಧ 95 ಅಂಶ ಬರೆದರು. ಆ ಪತ್ರ ಕೊಳ್ಳುವವನಿಗಿಂತ ಬಡವನಿಗೆ ಕೊಡುವವನು, ಇಲ್ಲದವನಿಗೆ ಸಾಲ ಕೊಡುವವನು ಒಳ್ಳೆಯ ಕೆಲಸ ಮಾಡುತ್ತಾನೆ ಎನ್ನುವುದು ಅದರಲ್ಲಿ 43ನೆಯದು. ಪ್ರೊಟೆಸ್ಟೆಂಟ್ ಚರ್ಚುಗಳು ಹುಟ್ಟಿದ್ದು ಆ ಜಗಳದಿಂದ. ಆಮೇಲೆ ಕಥೊಲಿಕ ಸಭೆಯೂ, ಅಂದರೆ ಕಥೊಲಿಕ ಚರ್ಚೂ, ಆ ಮಾರಾಟವನ್ನು ನಿಲ್ಲಿಸಿತು. ದಾನಕ್ಕೆ ಎಷ್ಟು ಬೆಲೆ ಎಂಬುದರಲ್ಲಿ ಇಬ್ಬರ ಮಾತಿನ ಒತ್ತು ಇಂದಿಗೂ ಸ್ವಲ್ಪ ಬೇರೆ. ದಾನ ಪಾಪವನ್ನು ತೊಳೆಯುತ್ತದೆ ಎಂದು ಹೇಳುವ ತೋಬಿತನ ಗ್ರಂಥ ಕಥೊಲಿಕ ಬೈಬಲಿನಲ್ಲಿದೆ, ಪ್ರೊಟೆಸ್ಟೆಂಟ್ ಬೈಬಲಿನಲ್ಲಿ ಇಲ್ಲ. ದೇವರ ಕೃಪೆಯೇ ಮೊದಲು ಎನ್ನುವುದರಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯ ಇಲ್ಲ.

ಹಾಗಾದರೆ ಕೊಡುವವರಿಗೆ ಏನು ಸಿಗುತ್ತದೆ?

ಎಲ್ಲರ ಬಾಯಲ್ಲೂ ಇರುವ ಮಾತಿನಿಂದ ಶುರು ಮಾಡೋಣ. ‘ತೆಗೆದುಕೊಳ್ಳುವುದಕ್ಕಿಂತ ಕೊಡುವುದೇ ಹೆಚ್ಚಿನ ಭಾಗ್ಯ.’ ಇದು ಯೇಸುವಿನ ಮಾತು. ಆದರೆ ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಎಫೆಸ ಊರಿನ ಸಭೆಯ ಹಿರಿಯರನ್ನು ಬೀಳ್ಕೊಡುವಾಗ, ಯೇಸುವಿನ ಸಂದೇಶವನ್ನು ಊರೂರಿಗೆ ಒಯ್ದ ಪೌಲರು ಇದನ್ನು ನೆನಪಿಸಿದರು ಎಂದು ಅಪೊಸ್ತಲರ ಕೃತ್ಯಗಳ 20ನೇ ಅಧ್ಯಾಯದಲ್ಲಿದೆ. ಪೌಲರು ಗುಡಾರ ಹೊಲಿದು ಸ್ವಂತ ಸಂಪಾದನೆಯಲ್ಲಿ ಬದುಕಿದವರು. ಈ ಮಾತಿಗೆ ಸ್ವಲ್ಪ ಮುಂಚೆ, ನನ್ನ ಕೈಗಳೇ ನನ್ನನ್ನೂ ನನ್ನ ಜೊತೆಗಿದ್ದವರನ್ನೂ ಸಾಕಿದವು ಎಂದು ತಮ್ಮ ಕೈ ತೋರಿಸಿ ಹೇಳುತ್ತಾರೆ. ದುಡಿದು ಕೊಟ್ಟವರು ಹೇಳಿದ ಮಾತು ಇದು. ಅದಕ್ಕೇ ತೂಕ ಜಾಸ್ತಿ.

ಆ ಭಾಗ್ಯದಲ್ಲಿ ಮೊದಲು ಹೇಳಬೇಕಾದದ್ದು ದುಡ್ಡಿನ ಹಿಡಿತ ಸಡಿಲವಾಗುವುದು. ಯೇಸು ದುಡ್ಡನ್ನು ಕೊಳಕು ಎಂದು ಬೈಯಲಿಲ್ಲ. ದುಡ್ಡು ಯಜಮಾನನಾಗಿ ಕೂರುತ್ತದೆ ಎಂದು ಎಚ್ಚರಿಸಿದರು. ಲೂಕನ 12ನೇ ಅಧ್ಯಾಯದಲ್ಲಿ ಒಬ್ಬ ಜಮೀನ್ದಾರನ ಕಥೆ ಬರುತ್ತದೆ. ಆ ವರ್ಷ ಬೆಳೆ ಭರ್ಜರಿ. ಇಡಲು ಜಾಗ ಇಲ್ಲ. ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟುತ್ತೇನೆ, ಆಮೇಲೆ ವರ್ಷಗಟ್ಟಲೆ ತಿಂದುಂಡು ಆರಾಮಾಗಿರುತ್ತೇನೆ ಅಂದುಕೊಳ್ಳುತ್ತಾನೆ. ಅದೇ ರಾತ್ರಿ ಸಾಯುತ್ತಾನೆ. ಕಾಫಿ ಮೂಟೆ ಗೋದಾಮಿನಲ್ಲಿಟ್ಟು ಬೆಲೆ ಇನ್ನೂ ಏರಲಿ ಎಂದು ದಿನಾ ಬೆಳಗ್ಗೆ ದರ ನೋಡುವವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ. ಮೂಟೆ ಇಡುವುದು ತಪ್ಪು ಎಂದು ಕಥೆ ಹೇಳುವುದಿಲ್ಲ, ರೈತ ಲೆಕ್ಕ ಹಾಕಲೇಬೇಕು. ಕಥೆಯಲ್ಲಿ ಆ ಮನುಷ್ಯನ ಮಾತು ಕೇಳಿ: ನನ್ನ ಬೆಳೆ, ನನ್ನ ಕಣಜ, ನನ್ನ ಜೀವ. ಹೆಂಡತಿ, ಮಕ್ಕಳು, ಕೆಲಸದವರು, ಪಕ್ಕದ ಮನೆಯವರು ಯಾರೂ ಅವನ ಮಾತಿನಲ್ಲಿ ಬರುವುದೇ ಇಲ್ಲ. ತನಗೆ ತಾನೇ ಮಾತಾಡಿಕೊಳ್ಳುತ್ತಿರುತ್ತಾನೆ.

ಇದಕ್ಕೆ ವಿರುದ್ಧ ದಿಕ್ಕಿನ ಮನುಷ್ಯ ಜಕ್ಕಾಯ. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಊರವರಿಗೆ ಬೇಡವಾದವನು. ಯೇಸು ಅವನ ಮನೆಗೆ ಹೋದ ದಿನ ಎದ್ದು ನಿಂತು, ನನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಯಾರಿಂದಲಾದರೂ ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಎನ್ನುತ್ತಾನೆ. ಅವನಿಗೆ ಆದ ಲಾಭ ಏನು? ದುಡ್ಡಂತೂ ಹೋಯಿತು. ಬದಲಿಗೆ ಯೇಸು ಅವನನ್ನು ಎಲ್ಲರ ಎದುರು ಅಬ್ರಹಾಮನ ಮಗ ಎಂದು ಕರೆಯುತ್ತಾರೆ. ಅಂದರೆ ಊರು ಹೊರಗಿಟ್ಟವನಿಗೆ ಮತ್ತೆ ತನ್ನ ಜನ ಸಿಕ್ಕರು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಬೈಬಲ್ ಯಾವುದನ್ನು ಲಾಭ ಎನ್ನುತ್ತದೆ ಎನ್ನುವುದು ತಿಳಿಯುತ್ತದೆ.

ಪೌಲರು ಕೊರಿಂಥ ಊರಿನ ಸಭೆಯವರಿಗೆ ಬರೆದ ಎರಡನೇ ಪತ್ರದ 8 ಮತ್ತು 9ನೇ ಅಧ್ಯಾಯಗಳು ಪೂರ್ತಿ ಈ ವಿಷಯಕ್ಕೇ ಮೀಸಲು. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲರು ಹಣ ಕೂಡಿಸುತ್ತಿದ್ದರು. ಮಕೆದೋನ್ಯದ ಸಭೆಗಳವರು ತಾವೇ ಕಡುಬಡವರು. ಆದರೂ ನಮಗೂ ಅವಕಾಶ ಕೊಡಿ ಎಂದು ಬೇಡಿಕೊಂಡು ಕೊಟ್ಟರಂತೆ. ಸಂತೋಷದಿಂದ ಕೊಡುವವರನ್ನು ದೇವರು ಪ್ರೀತಿಸುತ್ತಾನೆ ಎನ್ನುವ ಸಾಲು ಬರುವುದು ಇಲ್ಲೇ. ಗೊಣಗುತ್ತ ಕೊಡಬೇಡಿ, ಬಲವಂತಕ್ಕೆ ಕೊಡಬೇಡಿ ಎಂದು ಅದೇ ವಾಕ್ಯದಲ್ಲಿದೆ. ಇಂದು ನಿಮ್ಮ ಸಮೃದ್ಧಿ ಅವರ ಕೊರತೆ ನೀಗಲಿ, ಮುಂದೆ ಅವರ ಸಮೃದ್ಧಿ ನಿಮ್ಮ ಕೊರತೆ ನೀಗಲಿ ಎಂದೂ ಪೌಲರು ಬರೆಯುತ್ತಾರೆ. ಕೊಡುವವನು ಒಂದು ಕುಟುಂಬದ ಒಳಗೆ ಬರುತ್ತಾನೆ. ಕಷ್ಟ ಬಂದಾಗ ಒಬ್ಬಂಟಿಯಲ್ಲ. ಇದೂ ಒಂದು ಲಾಭ, ಅದೂ ಈ ಬದುಕಿನಲ್ಲೇ.

ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಇನ್ನೂ ನೇರವಾದ ಮಾತಿದೆ. ಆಗ ಪೌಲರು ಸೆರೆಮನೆಯಲ್ಲಿದ್ದರು. ಸಹಾಯ ಕಳಿಸಿದವರಿಗೆ ಧನ್ಯವಾದ ಹೇಳುತ್ತ, ನನಗೆ ಬೇಕಾದದ್ದು ನಿಮ್ಮ ಕಾಣಿಕೆಯಲ್ಲ, ನಿಮ್ಮ ಲೆಕ್ಕಕ್ಕೆ ಫಲ ಸೇರಬೇಕು ಎನ್ನುವುದೇ ನನ್ನ ಆಸೆ ಎನ್ನುತ್ತಾರೆ. ಸೆರೆಯಲ್ಲಿ ಕೂತು ಕೊಟ್ಟವರ ಲಾಭ ಯೋಚಿಸುವವರು ಅಪರೂಪ.

ಕೊನೆಯದಾಗಿ, ಈ ಬದುಕಿನ ಆಚೆಗಿನದು. ಹಸಿದಿದ್ದೆನು, ನೀವು ಊಟ ಕೊಟ್ಟಿರಿ ಎಂದು ಅರಸನು ಹೇಳುವ ತೀರ್ಪಿನ ದಿನದ ಚಿತ್ರ ಮತ್ತಾಯನ 25ನೇ ಅಧ್ಯಾಯದಲ್ಲಿದೆ. ಯಾವಾಗ ಕೊಟ್ಟೆವು ಎಂದು ಕೊಟ್ಟವರು ಆಶ್ಚರ್ಯದಿಂದ ಕೇಳುತ್ತಾರೆ. ಅವರು ಲೆಕ್ಕವನ್ನೇ ಇಟ್ಟಿರಲಿಲ್ಲ.

ಪ್ರಯೋಗಗಳು ಏನು ಹೇಳುತ್ತವೆ?

ನಂಬಿಕೆಯ ಮಾತು ಸರಿ, ಇದಕ್ಕೆ ಬೇರೆ ಪುರಾವೆ ಇದೆಯೇ? ಸ್ವಲ್ಪ ಇದೆ.

ಕೆನಡಾದ ವಿಶ್ವವಿದ್ಯಾಲಯವೊಂದರಲ್ಲಿ ಎಲಿಜಬೆತ್ ಡನ್, ಲಾರಾ ಆಕ್ನಿನ್, ಮೈಕಲ್ ನಾರ್ಟನ್ ಎಂಬ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ಅದು 2008ರಲ್ಲಿ ಪ್ರಕಟವಾಯಿತು. ಬೆಳಗ್ಗೆ 46 ಜನರಿಗೆ ಲಕೋಟೆ ಕೊಟ್ಟರು. ಕೆಲವದರಲ್ಲಿ 5 ಡಾಲರ್, ಕೆಲವದರಲ್ಲಿ 20. ಅರ್ಧ ಜನ ಅದನ್ನು ತಮಗೇ ಖರ್ಚು ಮಾಡಬೇಕು, ಉಳಿದವರು ಬೇರೆಯವರಿಗೆ. ಸಂಜೆ ಕೇಳಿದಾಗ ಬೇರೆಯವರಿಗೆ ಖರ್ಚು ಮಾಡಿದವರೇ ಹೆಚ್ಚು ಖುಷಿಯಾಗಿದ್ದರು. ಐದೋ ಇಪ್ಪತ್ತೋ ಎನ್ನುವುದರಿಂದ ವ್ಯತ್ಯಾಸ ಆಗಲಿಲ್ಲ. ಸಣ್ಣ ಪ್ರಯೋಗ, ನಿಜ. ಆದರೆ ಎರಡು ಕಾಸು ಹಾಕಿದ ವಿಧವೆಯೇ ಎಲ್ಲರಿಗಿಂತ ಹೆಚ್ಚು ಕೊಟ್ಟಳು ಎನ್ನುವ ಮಾರ್ಕನ ಸುವಾರ್ತೆಯ ಪ್ರಸಂಗ ಗೊತ್ತಿರುವವರಿಗೆ ಇದು ಕುತೂಹಲದ ಸಂಗತಿ.

2003ರಲ್ಲಿ ಬಂದ ಇನ್ನೊಂದು ಅಧ್ಯಯನ ಅಮೆರಿಕದ 423 ವಯಸ್ಸಾದ ದಂಪತಿಗಳನ್ನು ಐದು ವರ್ಷ ಗಮನಿಸಿತು. ಬೇರೆಯವರಿಗೆ ನೆರವಾಗುತ್ತಿದ್ದವರಲ್ಲಿ ಆ ಅವಧಿಯಲ್ಲಿ ಸಾವು ಕಡಿಮೆ ಇತ್ತು. ಬರೀ ನೆರವು ಪಡೆಯುತ್ತಿದ್ದವರಲ್ಲಿ ಆ ಅನುಕೂಲ ಕಾಣಲಿಲ್ಲ. ಆರೋಗ್ಯ ಚೆನ್ನಾಗಿರುವವರಿಗೇ ನೆರವಾಗಲು ಶಕ್ತಿ ಇರುತ್ತದಲ್ಲ ಎಂಬ ಅನುಮಾನ ಸಹಜ. ಸಂಶೋಧಕರು ಆರೋಗ್ಯ, ವಯಸ್ಸು ಮುಂತಾದವನ್ನು ಲೆಕ್ಕಕ್ಕೆ ಹಿಡಿದೇ ಹೋಲಿಸಿದ್ದಾರೆ. ಆದರೂ ಇಂಥ ಅಧ್ಯಯನಗಳು ಎರಡು ಸಂಗತಿ ಜೊತೆಜೊತೆಗೆ ಇರುವುದನ್ನು ತೋರಿಸುತ್ತವೆಯೇ ಹೊರತು ಒಂದರಿಂದಲೇ ಇನ್ನೊಂದು ಆಯಿತು ಎಂದು ಖಚಿತವಾಗಿ ಹೇಳುವುದಿಲ್ಲ. ಬಿಪಿ ಮಾತ್ರೆ ನಿಲ್ಲಿಸಿ ದಾನ ಮಾಡಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮಿದುಳಿನ ಸ್ಕ್ಯಾನ್ ಮಾಡಿದವರೂ ಇದ್ದಾರೆ. ಇಷ್ಟದ ಊಟ ಸಿಕ್ಕಾಗ, ಬಹುಮಾನ ಬಂದಾಗ ಚುರುಕಾಗುವ ಮಿದುಳಿನ ಭಾಗಗಳು ದಾನ ಮಾಡುವಾಗಲೂ ಚುರುಕಾಗುತ್ತವೆ. 2007ರ ಒಂದು ಪ್ರಯೋಗದಲ್ಲಿ, ಒಳ್ಳೆಯ ಕೆಲಸಕ್ಕೆ ದುಡ್ಡು ತೆರಿಗೆಯ ಹಾಗೆ ತಾನಾಗಿ ಕಡಿತವಾದಾಗಲೂ ಇದು ಕಂಡಿತು. ಸ್ವಂತ ಇಷ್ಟದಿಂದ ಕೊಟ್ಟಾಗ ಇನ್ನೂ ಹೆಚ್ಚು ಕಂಡಿತು. ಬಲವಂತ ಬೇಡ ಎಂದು ಪೌಲರು ಬರೆದದ್ದು ಇದಕ್ಕಿಂತ ಹತ್ತೊಂಬತ್ತು ಶತಮಾನ ಹಿಂದೆ.

ಧರ್ಮ ಓದಿದ ಮಾತ್ರಕ್ಕೆ ಔದಾರ್ಯ ಬರುತ್ತದೆ ಎಂದೂ ಹೇಳಲಾಗದು. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನೇ ಪರೀಕ್ಷಿಸಿದರು. ಅವರಲ್ಲಿ ಕೆಲವರಿಗೆ, ಪಕ್ಕದ ಕಟ್ಟಡಕ್ಕೆ ಹೋಗಿ ದಯಾಳು ಸಮಾರ್ಯದವನ ಕಥೆಯ ಮೇಲೆ ಮಾತಾಡಿ ಎಂದು ಹೇಳಿದ್ದರು. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೆಮ್ಮುತ್ತ ಕೂತಿದ್ದ. ಬೇಕಾದಷ್ಟು ಸಮಯ ಇದ್ದವರಲ್ಲಿ ಶೇಕಡಾ 63 ಜನ ನಿಂತು ಸಹಾಯ ಮಾಡಿದರು. ಅವಸರದಲ್ಲಿದ್ದವರಲ್ಲಿ ಶೇಕಡಾ 10 ಮಾತ್ರ. ದಾರಿಯಲ್ಲಿ ಬಿದ್ದವನನ್ನು ಎತ್ತುವ ಕಥೆಯ ಮೇಲೆಯೇ ಮಾತಾಡಲು ಹೊರಟಿದ್ದರೂ ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಕೈಯಲ್ಲಿ ಸಮಯ ಇಟ್ಟುಕೊಳ್ಳುವುದೂ ದಾನದ ತಯಾರಿಯೇ ಅಲ್ವಾ.

‘ಬೀಜ ಬಿತ್ತಿ’ ಎನ್ನುವವರ ಲೆಕ್ಕ ಎಲ್ಲಿ ತಪ್ಪುತ್ತದೆ?

ಮೊಬೈಲಿನ ಆ ಬೋಧಕರು ಬೈಬಲ್ ಬಿಟ್ಟು ಮಾತಾಡುವುದಿಲ್ಲ. ಅಲ್ಪವಾಗಿ ಬಿತ್ತುವವನು ಅಲ್ಪವಾಗಿ ಕೊಯ್ಯುತ್ತಾನೆ ಎನ್ನುವುದು ಪೌಲರದೇ ಮಾತು. ಕೊಡಿ, ನಿಮಗೂ ಕೊಡುತ್ತಾರೆ, ಅಳತೆಯನ್ನು ಜಡಿದು, ಅಲ್ಲಾಡಿಸಿ, ಹೊರಗೆ ಚೆಲ್ಲುವಷ್ಟು ತುಂಬಿ ನಿಮ್ಮ ಸೆರಗಿಗೆ ಹಾಕುತ್ತಾರೆ ಎನ್ನುವುದು ಲೂಕನ 6ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು. ಸೇರಿನಲ್ಲಿ ರಾಗಿ ಅಳೆದವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ದಶಮಾಂಶ ತಂದು ನನ್ನನ್ನು ಪರೀಕ್ಷಿಸಿ, ಆಕಾಶದ ಬಾಗಿಲು ತೆರೆಯುತ್ತೇನೋ ಇಲ್ಲವೋ ನೋಡಿ ಎಂದು ದೇವರು ಹೇಳುವ ಮಾತು ಹಳೆಯ ಒಡಂಬಡಿಕೆಯ ಮಲಾಕಿಯ ಗ್ರಂಥದ 3ನೇ ಅಧ್ಯಾಯದಲ್ಲಿದೆ.

ಮಾತುಗಳು ಇವೆ, ಸಂದರ್ಭ ಬಿಟ್ಟುಹೋಗುತ್ತದೆ. ಲೂಕನ ಆ ಅಧ್ಯಾಯದಲ್ಲಿ ಅಳತೆಯ ಮಾತಿಗೆ ಮುಂಚೆ ಬರುವುದು ಬೇರೆಯವರಿಗೆ ತೀರ್ಪು ಮಾಡಬೇಡಿ, ಕ್ಷಮಿಸಿ ಎನ್ನುವ ಮಾತು. ವಾಪಸ್ ಸಿಗುತ್ತದೆ ಎಂಬ ನಿರೀಕ್ಷೆ ಇಲ್ಲದೆ ಸಾಲ ಕೊಡಿ ಎಂದೂ ಅಲ್ಲೇ ಇದೆ. ಪೌಲರ ಬಿತ್ತುವ ಮಾತಿನ ಮುಂದುವರಿಕೆಯಲ್ಲಿ ದೇವರು ಕೊಡುವುದು ಏತಕ್ಕೆ ಎಂದೂ ಬರೆದಿದೆ: ಇನ್ನಷ್ಟು ಒಳ್ಳೆಯ ಕೆಲಸ ಮಾಡಲು. ಮಲಾಕಿಯ ಮಾತು ಬಂದದ್ದು ದೇವಾಲಯದ ಭಂಡಾರಕ್ಕೆ ಸಲ್ಲಬೇಕಾದದ್ದನ್ನು ಒಂದಿಡೀ ಜನಾಂಗ ತಡೆಹಿಡಿದಾಗ. ಒಬ್ಬ ವ್ಯಕ್ತಿ ಯಾರದೋ ಖಾತೆಗೆ ಸಾವಿರ ಹಾಕಿದ್ದಕ್ಕೆ ಲಕ್ಷ ಬರುತ್ತದೆ ಎನ್ನುವ ಕರಾರು ಈ ಮೂರರಲ್ಲಿ ಎಲ್ಲೂ ಇಲ್ಲ.

ಹಾಗೆ ಕೊಟ್ಟರೆ ಅದು ದೇವರ ಜೊತೆ ಮುಯ್ಯಿ ಪುಸ್ತಕ ತೆರೆದಂತೆ. ದುಡ್ಡಿನ ಆಸೆ ಕಡಿಮೆಯಾಗಬೇಕಾದ ಜಾಗದಲ್ಲಿ ಜಾಸ್ತಿಯಾಗುತ್ತದೆ. ಹೇಳಿದಷ್ಟು ಬರದಿದ್ದರೆ, ನಿಮಗೆ ನಂಬಿಕೆ ಸಾಲದು ಎಂದು ಕೊಟ್ಟವರ ಮೇಲೆಯೇ ತಪ್ಪು ಹೊರಿಸುವುದು ಸುಲಭ. ಎರಡು ಕಾಸು ಹಾಕಿದ ವಿಧವೆಗೆ ಆಮೇಲೆ ದುಡ್ಡು ಬಂತೇ? ಮಾರ್ಕ ಅದನ್ನು ಬರೆದೇ ಇಲ್ಲ.

ಬಲಗೈ ಕೊಟ್ಟದ್ದು ಎಡಗೈಗೆ

ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರದಂದು ಕಥೊಲಿಕ ಚರ್ಚುಗಳಲ್ಲಿ ಮತ್ತಾಯನ 6ನೇ ಅಧ್ಯಾಯ ಓದುತ್ತಾರೆ. ದಾನ ಕೊಡುವಾಗ ತುತ್ತೂರಿ ಊದಿಸಬೇಡ, ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ. ಜನರ ಹೊಗಳಿಕೆಗಾಗಿ ಕೊಟ್ಟವನಿಗೆ ಆ ಹೊಗಳಿಕೆಯೇ ಪೂರ್ತಿ ಸಂಬಳ, ಮುಂದೆ ಬಾಕಿ ಏನೂ ಇಲ್ಲ ಎನ್ನುವ ಅರ್ಥದ ಮಾತೂ ಅಲ್ಲಿದೆ. ಫ್ಯಾನಿನ ಮೂರು ರೆಕ್ಕೆಗೂ ದಾನಿಯ ಹೆಸರು ಬರೆಸುವ ನಮ್ಮೂರುಗಳಲ್ಲಿ ಇದು ಕಷ್ಟದ ಉಪದೇಶ. ಎಲ್ಲ ಧರ್ಮದ ಜಾಗಗಳಲ್ಲೂ ಆ ಫ್ಯಾನುಗಳಿವೆ, ಚರ್ಚುಗಳಲ್ಲೂ ಇವೆ.

ಈ ಉಪದೇಶವನ್ನು ಪದ್ಧತಿಯಾಗಿ ಮಾಡಿಕೊಂಡವರೂ ಇದ್ದಾರೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಝನಾಮ್ ಎಂಬ ವಿದ್ಯಾರ್ಥಿ ಗೆಳೆಯರ ಜೊತೆ ಸೇರಿ ಕಟ್ಟಿದ ಸಂತ ವಿನ್ಸೆಂಟ್ ಡಿ ಪೌಲ್ ಸಭೆ ಇಂದು ಜಗತ್ತಿನಾದ್ಯಂತ ಧರ್ಮಕೇಂದ್ರಗಳಲ್ಲಿ, ಅಂದರೆ ಊರಿನ ಕಥೊಲಿಕ ಚರ್ಚುಗಳಲ್ಲಿ ಕೆಲಸ ಮಾಡುತ್ತದೆ. ಸದಸ್ಯರು ಬಡವರ ಮನೆಗೆ ಹೋಗಿ ಭೇಟಿ ಮಾಡುತ್ತಾರೆ. ಪ್ರತಿ ಕೂಟದಲ್ಲೂ ಒಂದು ಚೀಲ ಸುತ್ತುತ್ತದೆ. ಯಾರು ಎಷ್ಟು ಹಾಕಿದರು ಎನ್ನುವುದು ಗುಟ್ಟು. ಏನೂ ಹಾಕಲಾಗದವರು ಬರೀ ಕೈ ಹಾಕಿ ತೆಗೆದರೂ ಯಾರಿಗೂ ತಿಳಿಯುವುದಿಲ್ಲ.

ಎಷ್ಟು ಕೊಡಬೇಕು?

ಹೊಸ ಒಡಂಬಡಿಕೆಯಲ್ಲಿ ಕ್ರೈಸ್ತ ಸಭೆಗಳಿಗೆ ಶೇಕಡಾ 10 ಎಂಬ ಕಡ್ಡಾಯ ಎಲ್ಲೂ ಕಾಣುವುದಿಲ್ಲ. ಪುದೀನ, ಜೀರಿಗೆಯಲ್ಲೂ ಹತ್ತನೇ ಪಾಲು ಎಣಿಸಿ ಕೊಟ್ಟು, ನ್ಯಾಯ, ಕರುಣೆ ಮರೆತವರನ್ನು ಯೇಸು ಗದರಿಸುತ್ತಾರೆ. ಪೌಲರು ಹೇಳುವುದು ಇಷ್ಟು: ವಾರದ ಮೊದಲ ದಿನ ನಿಮ್ಮ ಸಂಪಾದನೆಗೆ ತಕ್ಕಷ್ಟು ತೆಗೆದಿಡಿ. ಹತ್ತನೇ ಪಾಲನ್ನು ನಿಯಮ ಎಂದು ಪಾಲಿಸುವ ಸಭೆಗಳಿವೆ, ಒಂದು ಅಂದಾಜು ಎಂದು ನೋಡುವ ಸಭೆಗಳೂ ಇವೆ.

ಹಾಸನದ ರೆಡ್‌ಫರ್ನ್ ಆಸ್ಪತ್ರೆಯ ಹೆಸರು ಕೇಳದವರು ಆ ಊರಲ್ಲಿ ಕಡಿಮೆ. ಅದನ್ನು ಶುರು ಮಾಡಿದ್ದು ವೆಸ್ಲಿಯನ್ ಎಂಬ ಪ್ರೊಟೆಸ್ಟೆಂಟ್ ಪಂಥದ ಮಿಷನ್. ಆ ಪಂಥದ ಮೂಲಪುರುಷ ಜಾನ್ ವೆಸ್ಲಿ ಒಂದು ಬೋಧನೆಯಲ್ಲಿ ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕ ಹೇಳಿದ್ದಾರೆ. ಅದು ಅವರದೇ ಲೆಕ್ಕ ಎಂದು ಹಲವರು ನಂಬುತ್ತಾರೆ. ವರ್ಷಕ್ಕೆ 30 ಪೌಂಡ್ ಬಂತು, 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು. ಆಗಲೂ 28ರಲ್ಲೇ ಬದುಕಿ 32 ಕೊಟ್ಟ. ಆಮೇಲೆ 90 ಬಂತು, 62 ಕೊಟ್ಟ. ನಾಲ್ಕನೇ ವರ್ಷ 120, ಕೊಟ್ಟದ್ದು 92. ಇದು ಎಲ್ಲರಿಂದ ಆಗುವ ಮಾತಲ್ಲ. ಮಕ್ಕಳ ಫೀಸು ಕಟ್ಟುವವರು ಮೊದಲೇ ಕೈಮುಗಿಯುತ್ತಾರೆ. ಆದರೆ ಪ್ರಶ್ನೆಯನ್ನು ತಿರುಗಿಸಿ ಇಟ್ಟಿರುವುದು ಇಲ್ಲಿ ಮುಖ್ಯ. ಎಷ್ಟು ಕೊಡಲಿ ಎನ್ನುವ ಬದಲು, ನನಗೆ ಎಷ್ಟು ಸಾಕು ಎಂದು ಆ ಯುವಕ ಮೊದಲು ತೀರ್ಮಾನಿಸಿಕೊಂಡಿದ್ದ. ಬೆಲೆ ಏರಿದ ವರ್ಷ ಕೇಳಿಕೊಳ್ಳಬಹುದಾದ ಪ್ರಶ್ನೆ ಅದು.

ಸಣ್ಣ ಕೊಡುಗೆಗಳ ದಾರಿಯೂ ಇದೆ. ಮಿಜೋರಾಂನ ಚರ್ಚುಗಳಲ್ಲಿ 1910ರಿಂದ ಹಿಡಿ ಅಕ್ಕಿಯ ಪದ್ಧತಿ ನಡೆದುಬಂದಿದೆ. ಅಡುಗೆಗೆ ಇಡುವ ಮುಂಚೆ ಮನೆಯ ಹೆಣ್ಣುಮಕ್ಕಳು ಒಂದು ಹಿಡಿ ಅಕ್ಕಿ ಬೇರೆ ತೆಗೆದಿಡುತ್ತಾರೆ. ಕೂಡಿದ ಅಕ್ಕಿಯನ್ನು ಚರ್ಚು ಮಾರಿ ಕೆಲಸಗಳಿಗೆ ಬಳಸುತ್ತದೆ. ಫ್ರಾನ್ಸಿನ ಲಿಯೋನ್ ಊರಿನಲ್ಲಿ 1822ರಲ್ಲಿ ಪೌಲಿನ್ ಜರಿಕೊ ಎಂಬ ಯುವತಿ ಹುಟ್ಟುಹಾಕಿದ ಸಂಘಕ್ಕೆ ರೇಷ್ಮೆ ಕೆಲಸದವರು ವಾರಕ್ಕೊಂದು ಪುಡಿಕಾಸು ಹಾಕುತ್ತಿದ್ದರು. ದೂರದೇಶದ ಮಿಷನ್‌ಗಳು ಅಂಥ ಹಣದಿಂದ ನಡೆದವು. ಹೇಮಾವತಿ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿ ಚರ್ಚನ್ನು 1860ರ ದಶಕದಲ್ಲಿ ಕಟ್ಟಿಸಿದವರೂ ಫ್ರೆಂಚ್ ಮಿಷನರಿಗಳೇ. ಅಲ್ಲಿ ಫೋಟೊ ತೆಗೆಸಿಕೊಳ್ಳಲು ಹೋಗುವವರಿಗೆ ಇದೂ ಗೊತ್ತಿರಲಿ.

ಕೊಡಬಾರದ ಸಂದರ್ಭ, ಕೇಳಬೇಕಾದ ಲೆಕ್ಕ

ಯೇಸುವಿನ ಕಾಲದಲ್ಲಿ ಕೆಲವರು ತಮ್ಮ ಆಸ್ತಿಯನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು ಎಂದು ಘೋಷಿಸಿ, ವಯಸ್ಸಾದ ತಂದೆತಾಯಿಗೆ ಕೊಡುವುದನ್ನು ತಪ್ಪಿಸಿಕೊಳ್ಳುತ್ತಿದ್ದರು. ಮಾರ್ಕನ 7ನೇ ಅಧ್ಯಾಯದಲ್ಲಿ ಯೇಸು ಅದನ್ನು ಕಟುವಾಗಿ ಖಂಡಿಸುತ್ತಾರೆ. ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯಿಲ್ಲದವನಿಗಿಂತ ಕಡೆ ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರ ಹೇಳುತ್ತದೆ. ಹಾಗಾಗಿ ಅಮ್ಮನ ಔಷಧಿಯ ದುಡ್ಡನ್ನು ಕಾಣಿಕೆಗೆ ಹಾಕುವುದು, ಬಡ್ಡಿಗೆ ಸಾಲ ತಂದು ದಶಮಾಂಶ ಕಟ್ಟುವುದು ಬೈಬಲಿನ ಔದಾರ್ಯವಲ್ಲ. ಕೆಲಸದವರ ಕೂಲಿ ಬಾಕಿ ಇಟ್ಟು ಚರ್ಚಿಗೆ ಗಂಟೆ ಮಾಡಿಸಿಕೊಡುವುದೂ ಅಲ್ಲ. ಹೊಲ ಕೊಯ್ದವರ ತಡೆಹಿಡಿದ ಕೂಲಿ ದೇವರ ಕಿವಿಗೆ ಕೂಗುತ್ತದೆ ಎಂದು ಯಾಕೋಬನ ಪತ್ರದಲ್ಲಿದೆ.

ಕೊಟ್ಟ ದುಡ್ಡು ಎಲ್ಲಿ ಹೋಯಿತು ಎಂದು ಕೇಳಿದರೆ ನಂಬಿಕೆ ಕಡಿಮೆ ಎಂದು ಅರ್ಥವೇ? ಯೆರೂಸಲೇಮಿಗೆ ಹಣ ಒಯ್ಯುವಾಗ ಪೌಲರು ಒಬ್ಬರೇ ಹೋಗಲಿಲ್ಲ. ಯಾರೂ ನಮ್ಮ ಮೇಲೆ ತಪ್ಪು ಹೊರಿಸದಿರಲಿ ಎಂದು ಸಭೆಗಳೇ ಆರಿಸಿದ ಜನರನ್ನು ಜೊತೆಗೆ ಕರೆದುಕೊಂಡರು. ಕಥೊಲಿಕರ ಕಾನೂನಿನ ಪ್ರಕಾರ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು. 1963ರಲ್ಲಿ ಆದ ಚಿಕ್ಕಮಗಳೂರು ಧರ್ಮಪ್ರಾಂತ್ಯದ, ಅಂದರೆ ಅಲ್ಲಿನ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶದ ಧರ್ಮಕೇಂದ್ರಗಳಿಗೂ ಇದೇ ನಿಯಮ. ಸಿಎಸ್ಐ (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟೆಂಟ್ ಚರ್ಚಿನ ಸಭೆಗಳಲ್ಲಿ ಸಮಿತಿಯವರು ಸಭಿಕರ ಮುಂದೆ ಲೆಕ್ಕ ಇಡುತ್ತಾರೆ. ತೆರಿಗೆ ವಿನಾಯಿತಿ ಬೇಕಿದ್ದರೆ ಸಂಸ್ಥೆಗೆ ಅದರ ನೋಂದಣಿ ಇದೆಯೇ ಎಂದು ಮೊದಲು ಕೇಳಿ, ಪ್ರತಿ ಚರ್ಚಿನ ಕಾಣಿಕೆಗೂ ಅದು ಸಿಗುತ್ತದೆ ಎಂದೇನಿಲ್ಲ. 2000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೂ ಸಿಗುವುದಿಲ್ಲ. ಕ್ಯೂಆರ್ ಕೋಡ್ ಆಗಿದ್ದರೆ ಸ್ಕ್ಯಾನ್ ಮಾಡಿದ ಕೂಡಲೇ ಪರದೆಯ ಮೇಲೆ ಯಾರ ಹೆಸರು ಬರುತ್ತದೆ ನೋಡಿ. ಸಂಸ್ಥೆಯ ಹೆಸರಿನ ಬದಲು ಯಾರೋ ಒಬ್ಬರ ಸ್ವಂತ ಹೆಸರು ಬಂದರೆ ಅಲ್ಲೇ ನಿಲ್ಲಿಸಿ, ರಸೀದಿ ಕೊಡುವಿರಾ ಎಂದು ಕೇಳಿ ಆಮೇಲೆ ಮುಂದುವರಿಯಿರಿ.